ಜಾರ್ಜ್‌ಟೌನಿನ ಆಂಟಿಗೆ ಬಂದ ಗುಲಾಬಿ

ಓದೋಕೆ ವಿದೇಶಕ್ಕೆ ಬಂದಿದ್ದ ನಾನು ಆ ಚಳಿಗಾಲ ಒಂದು ಹೂವಿನ ಅಂಗಡಿಯ ಡೆಲಿವರಿ ಮಾಡುತ್ತಿದ್ದೆ. ವ್ಯಾಲೆಂಟೈನ್ಸ್ ಡೇ ದಿನ ಕಂಡವರ ಹೆಂಡತಿಯರಿಗೆಲ್ಲ ಗುಲಾಬಿ ಹಂಚಿ ಹಂಚಿ ನನ್ನ ಹೊಟ್ಟೆ ಉರಿಯುತ್ತಿತ್ತು. ಮೈಸೂರಿನಲ್ಲಿದ್ದ ನನ್ನ ಗಂಡ "ಅದೆಲ್ಲ ಬರೀ ಬಿಸಿನೆಸ್ಸು ಕಣೇ" ಎಂದು ಬೆಳಿಗ್ಗೆಯೇ ಫೋನಿಟ್ಟಿದ್ದ.

ಜಾರ್ಜ್‌ಟೌನಿನ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಗಿಲು ತೆಗೆದರು. "ರೀ, ನಿಮ್ಮ ಹೂವು ಬಂತು!" ಎಂದು ಒಳಗೆ ಕೂಗಿದಾಗಲೇ ಕನ್ನಡದವರೆಂದು ತಿಳಿದದ್ದು. ಈ ವಯಸ್ಸಲ್ಲೂ ಗುಲಾಬಿ!

"ಪುಣ್ಯವಂತರು ಆಂಟಿ ನೀವು" ಎಂದೆ. ದನಿಯಲ್ಲಿ ಅಸೂಯೆ ಇಣುಕಿತೇನೋ, ಅವರು ನಕ್ಕರು.

"ಅಯ್ಯೋ, ಇವರು ಆರಿಸಿದ್ದಲ್ಲಮ್ಮ. ಹಿಂದೆಲ್ಲ ಪ್ರೇಮಿಗಳು ಕೈಯಾರೆ ಪದ್ಯ ಬರೆದು ಕೊಡ್ತಿದ್ರಂತೆ. ಆಮೇಲೆ ಅಚ್ಚು ಹಾಕಿದ ಕಾರ್ಡು ಬಂತು, ಚಾಕೊಲೇಟು ಬಂತು. ಈಗ ನಿಮ್ಮ ಅಂಗಡಿಯವರೇ ಫೋನ್ ಮಾಡಿ ನೆನಪಿಸ್ತಾರೆ, ಇವರು 'ಹೋದ ವರ್ಷದ್ದೇ ಕಳಿಸಿ' ಅಂತಾರೆ. ಆದ್ರೂ ಬೆಲ್ ಆದಾಗ ಖುಷಿ ಆಗತ್ತೆ ನೋಡು."

ಒಂದು ಗುಲಾಬಿ ತೆಗೆದು ನನ್ನ ಜಡೆಗೆ ಸಿಕ್ಕಿಸಿದರು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಕಾರಿನಲ್ಲಿ ಕೂತು ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಯಾರು ಕೊಟ್ಟಿದ್ದು?"

ಇನ್ನೂ ಎಷ್ಟೋ ಮನೆಗಳ ಡೆಲಿವರಿ ಬಾಕಿ ಇತ್ತು. ಉತ್ತರ ಕೊಡಲು ನನಗೇನೂ ಅವಸರವಿರಲಿಲ್ಲ.