ಮಗ್ಗದ ಮೇಲೆ ಹಾಸಿರುವ ತನಕ

ಕಟ್ ಎಂದು ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಹಿತ್ತಾಳೆ ತುದಿಯ ಊರುಗೋಲು ನಮ್ಮ ಬಾಗಿಲ ಮುಂದಿನ ಚಪ್ಪಡಿಗೆ ತಗುಲುವ ಸದ್ದು. ಅದು ಕೇಳಿದ ಕೂಡಲೇ ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಲ್ಲುತ್ತಿತ್ತು. ಒಳಗೆ ಅಪ್ಪನ ಲಾಳಿ ಮಾತ್ರ ಬೇಕೆಂದೇ ಜೋರಾಗಿ ಓಡುತ್ತಿತ್ತು. ನಮ್ಮ ಬಾಡಿಗೆ ಮನೆಯ ಯಜಮಾನರು ಬಂದಿದ್ದಾರೆ, ಮಗ್ಗದ ಮೇಲೆ ಹಾಸು, ಅಂದರೆ ಉದ್ದೆಳೆ, ಎಷ್ಟು ಉಳಿದಿದೆ ಎಂದು ನೋಡಿಕೊಂಡು ಹೋಗುತ್ತಾರೆ. ನಾನು ಹಿಟ್ಟಿನ ಮಡಕೆಯ ಹಿಂದೆ ಸೇರಿಕೊಳ್ಳುತ್ತಿದ್ದೆ.

ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದ ಕಾಲ ಅದು. ಚಳ್ಳಕೆರೆಯಲ್ಲಿ ದಪ್ಪ ನೂಲಿನ ಸೀರೆ ನೇಯುತ್ತಿದ್ದ ಅಪ್ಪನಿಗೆ ರೇಷ್ಮೆಯ ಆಸೆ ಹತ್ತಿ ನಾವು ಮೊಳಕಾಲ್ಮೂರಿಗೆ ಬಂದೆವು. ಬಂದೆವೇನೋ ಸರಿ, ಇರಲು ಮನೆ ಯಾರು ಕೊಡಬೇಕು? ಪೇಟೆ ಬೀದಿಯಲ್ಲಿ ಒಬ್ಬರು ಬಾಗಿಲಲ್ಲೇ ತಡೆದು ಕೇಳಿದರು.

"ಮಗ್ಗ ಹೂಡ್ತೀಯಾ?"

"ಹೂನ್ರಿ, ಅದೇ ಕಸುಬು."

"ಹಂಗಾರೆ ನೆಲ ಬಗೀತೀಯಾ. ನೀನು ಹೋದ್ಮ್ಯಾಲೆ ಬರೋನು ಗುಂಡ್ಯಾಗೆ ಬೀಳ್ಬೇಕೇನು? ಮುಂದಕ್ಕೆ ಹೋಗಪ್ಪ."

ಛತ್ರದ ಜಗಲಿಯ ಮೇಲೆ ಮಲಗಿ ಮಲಗಿ ಅವ್ವನ ಮುಖವೇ ಸಣ್ಣಗಾಯಿತು. ಕೊನೆಗೆ ನೇಕಾರರ ಸಾಲಿನಲ್ಲಿ ಒಂದು ಮನೆ ಸಿಕ್ಕಿತು. ನೇಯುವವನು ಕಾಲಿಳಿಸಿ ಕೂರುವ ಮಗ್ಗದ ಗುಂಡಿ ಮೊದಲೇ ತೋಡಿತ್ತು, ಹಿತ್ತಲಲ್ಲಿ ಬಾವಿಯೂ ಇತ್ತು. ಆ ಸಾಲಿನ ಮನೆಗಳೆಲ್ಲ ಊರುಗೋಲಿನ ಯಜಮಾನರವೇ.

ಲೀಸ್ ಇಲ್ಲ, ಅಗ್ರಿಮೆಂಟ್ ಇಲ್ಲ. ಇದ್ದದ್ದು ಸಾಲಿನ ಕಟ್ಟಳೆಯೊಂದೇ. ಮಗ್ಗದ ಮೇಲೆ ಹಾಸಿರುವ ತನಕ ಯಾರೂ ಮನೆ ಬಿಡು ಎನ್ನುವ ಹಾಗಿಲ್ಲ. ಹಾಸು ಮುಗಿಯುತ್ತಾ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ಹಾಗೆ ಕೂಡಿಸಿದರೆ ಹಾಸು ಇಳಿದ ಲೆಕ್ಕವಲ್ಲ. ಆದರೆ ಹಾಸಿನ ಕೊನೆಯ ಸೀರೆಯನ್ನು ಮಗ್ಗದಿಂದ ಕೊಯ್ದ ದಿನ ಹೊತ್ತು ಮುಳುಗುವುದರೊಳಗೆ ಕೂಡಿಸಿ ಮುಗಿಸದಿದ್ದರೆ ಮಗ್ಗ ಬರಿದಾದಂತೆ, ಮನೆ ಯಜಮಾನರದು. ಮುಂದೆ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಟೆನೆಂಟ್ಸ್ ರೈಟ್ಸ್ ಎಂದು ಬೋರ್ಡಿನ ಮೇಲೆ ಬರೆದಾಗ ಕ್ಲಾಸಿನಲ್ಲಿ ಬೇರೆ ಯಾರಿಗೂ ಅದು ಬೂದಿಯ ವಾಸನೆ ಹೊಡೆದಿರಲಾರದು.

ಯಜಮಾನರು ರಾಯದುರ್ಗದ ಕಡೆಯಿಂದ ಎರಡನೆಯ ಹೆಂಡತಿಯನ್ನು ತರುವವರಿದ್ದರು. ಅವಳನ್ನಿಡಲು ಬೇರೆ ಮನೆ ಬೇಕಿತ್ತು. ಬಾವಿ ಇದ್ದ ನಮ್ಮ ಮನೆಯ ಮೇಲೆಯೇ ಕಣ್ಣು ಬಿತ್ತು. ಆಮೇಲೆ ಊರುಗೋಲು ದಿನವೂ ಬರತೊಡಗಿತು. "ಛತ್ರಕ್ಕೆ ವಾಪಸ್ ಹೋಗೋದಾ ಅವ್ವ?" ಎಂದು ಕೇಳಿದರೆ ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ಅರ್ಧಕ್ಕೆ ಮಗ್ಗ ಕಿತ್ತವನಿಗೆ, ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರ ಮತ್ತೆ ರೇಷ್ಮೆ ಕೊಡುವುದಿಲ್ಲ. ಮನೆ ಹೋದರೆ ಕಸುಬೂ ಹೋದಂತೆಯೇ.

ಹಾಸು ಮುಗಿದ ಒಂದು ದಿನ ಬೆಳಿಗ್ಗೆ ಅಪ್ಪ ಕೊನೆಯ ಸೀರೆ ಕೊಯ್ದು ಸಾಹುಕಾರನ ಆಳಿಗೆ ಕೊಟ್ಟುಬಿಟ್ಟಿದ್ದ. ಅವ್ವ ಬೂದಿ ತರಲು ಎದ್ದವಳು ಹಾಗೇ ನಿಂತಳು. ಮುಟ್ಟಾಗಿದ್ದಳು. ಇನ್ನು ಮಗ್ಗದ ಹತ್ತಿರ ಸುಳಿಯುವಂತಿಲ್ಲ. ಹಿತ್ತಲ ಬೇವಿನ ಕೆಳಗೆ ಹೋಗಿ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಅಪ್ಪನೊಬ್ಬನಿಂದ ಅಷ್ಟು ಎಳೆ ಸಂಜೆಯೊಳಗೆ ಆಗುವ ಮಾತಲ್ಲ. ನನ್ನನ್ನು ಸಾಲಿನ ಮನೆಗಳಿಗೆ ಓಡಿಸಿದ. ಆ ದಿನ ಸಾಲಿನ ಹೆಂಗಸರಿಗೆಲ್ಲ ಕೈನೋವು. ಒಬ್ಬಾಕೆ ಮಾತ್ರ ನಿಜ ಹೇಳಿದಳು: "ನಮ್ಗೂ ಇರಾಕೆ ಮನೆ ಬೇಕಲ್ಲ ಪಾಪಾ."

ನಾನು ಎಳೆ ಬಿಡಿಸಿ ಕೊಡುತ್ತಿದ್ದೆ, ಅಪ್ಪ ಹೊಸೆಯುತ್ತಿದ್ದ. ಅವಸರಕ್ಕೆ ಅವನ ಬೆರಳಿಂದ ಎಳೆ ಜಾರುತ್ತಿತ್ತು. ಹಿತ್ತಲಿಂದ ಅವ್ವ, "ವರ್ಸೆ ತಪ್ಪಿಸ್ಬ್ಯಾಡವೇ!" ಎಂದು ಅಳುತ್ತಲೇ ಕೂಗುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ನಾನು ಎಳೆ ಬಿಟ್ಟು ಹಿಟ್ಟಿನ ಮಡಕೆಯ ಕಡೆ ತಿರುಗಿದೆ.

ಬಂದವರು ಯಜಮಾನರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು. ಸೆರಗು ಸಿಕ್ಕಿಸಿ ಮಗ್ಗದ ಮುಂದೆ ಕೂತೇಬಿಟ್ಟರು.

"ಆ ಬೂದಿ ಇತ್ತ ಕೊಡೇ."

ಅಪ್ಪ ಗಾಬರಿಯಾಗಿ, "ಬ್ಯಾಡ್ರಿ ಅಕ್ಕ, ಯಜಮಾನ್ರು ನನ್ನ ಉಳ್ಸಲ್ಲ" ಎಂದ.

"ನೀನು ಹೋದ್ರೆ ಅವಳು ಬರ್ತಾಳೆ. ನೀನಿರು. ಎಳೆ ಹಿಡಿ."

ಅವರ ಬೆರಳು ಎಂಥ ಬೆರಳು! ಕಣ್ಣಿಗೇ ಕಾಣುತ್ತಿರಲಿಲ್ಲ. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಊರುಗೋಲು ಬಂತು. ಕಟ್. ಅಪ್ಪ ಎದ್ದು ನಿಂತ. ಅತ್ತೆ ತಲೆ ಎತ್ತಲಿಲ್ಲ.

"ಏನೇ, ಇಲ್ಲಿ ಕುಂತೀಯಾ? ಮನ್ಯಾಗೆ ಕೆಲ್ಸ ಇಲ್ಲೇನು?"

"ಐತೆ. ಬರಾಕಿಗೆ ಇರ್ಲಿ ಅಂತ ಬಿಟ್ಟಿದೀನಿ."

"ಎದ್ದೇಳು!"

"ನಿಮ್ಮ ಮಗ್ಗಕ್ಕೆ ಇಷ್ಟು ವರ್ಷ ಎಳೆ ಕೂಡಿಸ್ದಾಗ ಎದ್ದೇಳು ಅನ್ಲಿಲ್ಲ. ಬೆಳಕಿಗೆ ಅಡ್ಡ ನಿಂತೀರಿ, ವಸಿ ಸರೀರಿ."

ಯಜಮಾನರ ಕೋಲು ಮೇಲಕ್ಕೆದ್ದಿತು. ನಾನು ಕಣ್ಣು ಮುಚ್ಚಿದೆ. ಕೋಲು ಯಾರ ಮೇಲೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರಿರಲಿಲ್ಲ, ಬಾಗಿಲ ತುಂಬ ಕೆಂಪು ಬೆಳಕಿತ್ತು, ಅತ್ತೆ ಕೊನೆಯ ಎಳೆಗಳನ್ನು ಹೊಸೆಯುತ್ತಿದ್ದರು.

ಮನೆ ಉಳಿಯಿತು. ಭಯ ಮಾತ್ರ ಹೋಗಲಿಲ್ಲ. ಪ್ರತಿ ಸಲ ಕೊನೆಯ ಸೀರೆ ಕೊಯ್ಯುವಾಗಲೂ ಅವ್ವನಿಗೆ ಜ್ವರ ಬಂದಂತಾಗುತ್ತಿತ್ತು. ಬೇರೆ ಮನೆ ಸಿಗದ ಯಜಮಾನರು ಹೊಸ ಹೆಂಡತಿಯನ್ನು ತಮ್ಮ ಮನೆಗೇ ಕರೆತಂದರು. ಅತ್ತೆಯ ಹಾಸಿಗೆ ಹೊರಗಿನ ಪಡಸಾಲೆಗೆ ಬಂತು. ನಾವಿರುವ ಮನೆಯಲ್ಲಿ ಅತ್ತೆಯೇ ಇರಬಹುದಿತ್ತಲ್ಲ ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಆಗ ಬರಲಿಲ್ಲ, ಅಥವಾ ಬಂದರೂ ಯಾರೂ ಬಾಯಿ ಬಿಡಲಿಲ್ಲ.

ಬಳ್ಳಾರಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ಸೋದರಮಾವ ನನ್ನನ್ನು ಕಾನ್ವೆಂಟಿಗೆ ಸೇರಿಸಲು ಬಂದಾಗ ಅತ್ತೆ ನಮ್ಮ ಗಾಡಿಯ ಜೊತೆ ದೇವಸಮುದ್ರದ ದಾರಿಯಲ್ಲಿ ಸ್ವಲ್ಪ ದೂರ ನಡೆದುಬಂದರು. ಗಾಡಿಯ ಅಂಚು ಹಿಡಿದಿದ್ದರು. ಮಾವ ಗಾಡಿಯವನ ಜೊತೆ ಮಾತಿಗಿಳಿದಿದ್ದನ್ನು ನೋಡಿ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು:

"ಬಳ್ಳಾರಿಯಾಗೆ ಒಂಟಿ ಹೆಂಗ್ಸಿಗೆ ಬಾಡಿಗೆ ಮನೆ ಕೊಡ್ತಾರೇನೇ?"

"ಗೊತ್ತಿಲ್ಲ ಅತ್ತೆ."

ನಾನು ಇನ್ನೂ ಏನೋ ಹೇಳಬಹುದೆಂದು ಇನ್ನೆರಡು ಹೆಜ್ಜೆ ಜೊತೆಗೆ ಬಂದರು. ಆಮೇಲೆ ಗಾಡಿಯ ಅಂಚು ಬಿಟ್ಟು, ಸೆರಗು ತಲೆಗೆಳೆದುಕೊಂಡು ಊರ ಕಡೆ ತಿರುಗಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.