ಚಪ್ಪಾಳೆಗೆ ಇಟ್ಟ ಮೈಕು

ನಮ್ಮ ಸಂಗೀತೋತ್ಸವ ಹುಟ್ಟಿದ್ದು ಹಾಸಿಗೆ ಅಂಗಡಿಯ ಗೋದಾಮಿನಲ್ಲಿ ಎಂದರೆ ಈಗಿನವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು? ನನ್ನ ಸೋದರಮಾವ ಎದುರು ಸಾಲಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅವನ ಹೆಂಡತಿ, ನಮ್ಮತ್ತೆ, ಆ ಗೋದಾಮಿನಲ್ಲಿ ಹತ್ತಿ ತುಂಬಿ ಹಾಸಿಗೆ ಹೊಲಿಯುತ್ತಿದ್ದಳು. ಒಂದು ಭಾನುವಾರ ಯಾರೋ ಗಿರಾಕಿ ಅಲ್ಲಿ ಕೂತು ತನ್ನ ಪಿಟೀಲು ನುಡಿಸಿದ. ಮಾವ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟ. ಪ್ರತಿಧ್ವನಿ ಇಲ್ಲವೇ ಇಲ್ಲ, ಅಷ್ಟನ್ನೂ ಹತ್ತಿ ಕುಡಿದುಬಿಟ್ಟಿತ್ತು.

"ಇಂಥ ಕೋಣೆ ಊರಲ್ಲೇ ಇಲ್ಲ ಕಣೇ!" ಎಂದ.

"ಹಾಗಾದ್ರೆ ನಾಲ್ಕು ಜನಾನ ಕರೆದು ಕೇಳಿಸಿ. ಸುಮ್ನೆ ಹೊಗಳ್ತಾ ಕೂರಬೇಡಿ," ಎಂದಳು ಅತ್ತೆ.

ಅಷ್ಟೇ. ಮೊದಲ ವರ್ಷ ಮೂವತ್ತೆಂಟು ಜನ ಮಾರಾಟಕ್ಕಿಟ್ಟ ಹಾಸಿಗೆಗಳ ಮೇಲೆ ಕೂತು ಕೇಳಿದರು. ಇಬ್ಬರು ಮಲಗಿಯೇ ಬಿಟ್ಟರು, ಒಬ್ಬನ ಗೊರಕೆ ಇವತ್ತಿಗೂ ಟೇಪಿನಲ್ಲಿದೆ. ಟಿಕೆಟ್ ಇಲ್ಲ, ಯಾವ ಸಾಹುಕಾರನ ಬ್ಯಾನರೂ ಇಲ್ಲ. ಯಾರಾದರೂ ಲಾಭದ ಮಾತೆತ್ತಿದರೆ ಅತ್ತೆ ಸೂಜಿ ತೋರಿಸುತ್ತಿದ್ದಳು. ಮೂರನೇ ವರ್ಷ ಗೋದಾಮು ಸಾಲದೆ ಶಾಲೆಯ ಸಭಾಂಗಣಕ್ಕೆ ಹೋದೆವು. ಅಲ್ಲಿಯ ಗೋಡೆಗಳು ಗುಂಯ್‌ಗುಡುತ್ತಿದ್ದವು. ಹಾಸಿಗೆಗಳನ್ನೇ ಹೊತ್ತೊಯ್ದು ಹಗ್ಗ ಕಟ್ಟಿ ಗೋಡೆಗೆ ನೇತುಹಾಕಿದೆವು, ನನ್ನ ಅಂಗೈ ಕಿತ್ತುಹೋಗಿತ್ತು.

ಪ್ರತಿ ಕಾರ್ಯಕ್ರಮವನ್ನೂ ಮಾವ ಟೇಪಿಗೆ ಹಿಡಿಯುತ್ತಿದ್ದ. ಎಂಥ ಸೌಮ್ಯ ಮನುಷ್ಯ ಗೊತ್ತೆ? ಇರುವೆಯನ್ನೂ ಊದಿ ಪಕ್ಕಕ್ಕೆ ಸರಿಸುವವನು. ಆದರೆ ತಲೆಗೆ ಹೆಡ್‌ಫೋನ್ ಏರಿತೋ, ಮುಗಿಯಿತು. ಒಂದು ಕುರ್ಚಿ ಕಿರುಗುಟ್ಟಿದರೂ ಮೈಮೇಲೆ ಬಂದವರಂತೆ ಆಡುತ್ತಿದ್ದ. ಅತ್ತೆಗೋ ಕೆಮ್ಮು. ಹತ್ತಿಯ ಧೂಳು, ವರ್ಷದಿಂದ ವರ್ಷಕ್ಕೆ ಎದೆಗಿಳಿಯುತ್ತಿತ್ತು. ನಾವ್ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆರನೇ ವರ್ಷ, ಹಾಡುವಾಕೆ ಉಸಿರು ತೆಗೆದುಕೊಂಡ ಕ್ಷಣದಲ್ಲೇ ಅತ್ತೆ ಕೆಮ್ಮಿದಳು. ಹಾಡು ಮುಗಿದದ್ದೇ ತಡ, ಮಾವ ಇನ್ನೂರು ಜನರೆದುರು ಕೂಗಿದ: "ಕೆಮ್ಮೋದಿದ್ರೆ ಆಚೆ ಹೋಗೇ! ಆರು ವರ್ಷದಿಂದ ಒಂದೊಂದು ಟೇಪನ್ನೂ ಹಾಳು ಮಾಡಿದೀಯ!" ಅತ್ತೆ ನಕ್ಕಳು. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ.

ಏಳನೇ ವರ್ಷದ ಟೇಪು ತೊಳೆದಿಟ್ಟಷ್ಟು ಚೊಕ್ಕವಾಗಿ ಬಂತು. ಅದು ರೇಡಿಯೊದಲ್ಲಿ ಪ್ರಸಾರವಾಯಿತು, ಮರುವರ್ಷ ಜನ ಮುಗಿಬಿದ್ದರು. ಇಂದು ಆರುನೂರು ಕುರ್ಚಿಯ ರಂಗಮಂದಿರವೂ ಸಾಲುತ್ತಿಲ್ಲ. ಉತ್ಸವ ಬೆಳೆದದ್ದೇ ಆ ಒಂದು ಟೇಪಿನಿಂದ. ಆದರೆ ಎಂಟನೇ ಉತ್ಸವಕ್ಕೆ ಅತ್ತೆ ಇರಲಿಲ್ಲ, ಆ ಚಳಿಗಾಲದಲ್ಲೇ ಹೋಗಿಬಿಟ್ಟಳು.

ಆಮೇಲೆ ಮಾವ ಆ ಟೇಪನ್ನೇ ಹಿಡಿದುಕೊಂಡು ಬದುಕಿದ. "ಕೊನೇ ವರ್ಷ ಅವಳಿಗೆ ಆರಾಮಿತ್ತು. ಎರಡು ಗಂಟೆ ಕೂತಿದ್ಲು, ಒಂದು ಸಲಾನೂ ಕೆಮ್ಮಲಿಲ್ಲ. ಅಲ್ವೇನೇ ಪುಟ್ಟಿ?" ಎಂದು ಬಂದವರೆದುರೆಲ್ಲ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ.

ಹದಿಮೂರು ವರ್ಷ ಹೂಂಗುಟ್ಟಿದ್ದೇನೆ. ಆ ದಿನ ಸಭಾಂಗಣದ ಹಿಂಬಾಗಿಲು ಕಾಯುತ್ತಿದ್ದವಳು ನಾನು. ಅತ್ತೆ ಒಳಗೆ ಕೂರಲೇ ಇಲ್ಲ. ಬಾಗಿಲಾಚೆ ಮಿಕ್ಕ ಹಾಸಿಗೆಗಳನ್ನು ಒಟ್ಟಿದ್ದೆವು. ಕೆಮ್ಮು ಬಂದಾಗಲೆಲ್ಲ ಅವಳು ಅವುಗಳಲ್ಲಿ ಮುಖ ಹುದುಗಿಸುತ್ತಿದ್ದಳು. ನಾನು ಒಳಗಿನಿಂದ ಬಾಗಿಲನ್ನು ಬೆನ್ನಲ್ಲಿ ಒತ್ತಿ ಹಿಡಿದಿದ್ದೆ. ಇದನ್ನು ಮಾವನಿಗೆ ಯಾವ ಬಾಯಲ್ಲಿ ಹೇಳಲಿ? ಈಗಲೂ ರಂಗಮಂದಿರ ನಿಶ್ಶಬ್ದವಾದಾಗ ನನ್ನ ಬೆನ್ನಿಗೆ ಆ ಬಾಗಿಲು ಅದುರುತ್ತದೆ. ತಿರುಗಿ ನೋಡಿದರೆ ಅಲ್ಲಿ ಬರೀ ಗೋಡೆ ಇರುತ್ತದೆ.

ಈ ಸಲ ಇಪ್ಪತ್ತನೇ ಉತ್ಸವ. ಹಳೆಯ ಟೇಪುಗಳಿಂದ ಕೆಮ್ಮು, ಗೊರಕೆ ಎಲ್ಲ ತೆಗೆದು ಹೊರತರೋಣ ಎಂದು ಸಮಿತಿಯವರಿಗೆ ಹುಕ್ಕಿ ಬಂತು. ಎರಡು ತಿಂಗಳಾದರೂ ಮಾವ ಒಂದನ್ನೂ ಕೊಡಲಿಲ್ಲ. ಕೊನೆಗೆ ನನ್ನನ್ನು ಅಟ್ಟಿದರು. ಮಧ್ಯಾಹ್ನ ಹೋದರೆ ಅಂಗಡಿಯ ಶಟರ್ ಅರ್ಧ ಎಳೆದು ಕೂತಿದ್ದ.

"ಕೆಮ್ಮು ತೆಗೀಬೇಕಂತೆ," ಎಂದ. "ಅವಳು ಒಂದಿನಾನೂ ಮೈಕ್ ಮುಂದೆ ಮಾತಾಡಿದವಳಲ್ಲ. ನನ್ನ ಹತ್ರ ಇರೋ ಅವಳ ದನಿ ಅಂದ್ರೆ ಇಷ್ಟೇ ಕಣೆ."

"ಹಾಗಾದ್ರೆ ಏಳನೇ ವರ್ಷದ್ದು ಕೊಡು ಮಾವ. ಅದರಲ್ಲಿ ತೆಗೆಯೋದಕ್ಕೇನೂ ಇಲ್ಲ."

ಅವನು ನನ್ನನ್ನೇ ನೋಡಿದ. "ಆ ದಿನ ಅವಳು ಎಲ್ಲಿ ಕೂತಿದ್ಲು?"

"ಎರಡನೇ ಸಾಲಲ್ಲಿ. ಎಷ್ಟು ಸಲ ಹೇಳೋದು ಮಾವ?"

ಅವನು ಬೇರೊಂದು ಟೇಪು ಹಾಕಿದ. ಆ ವರ್ಷ ಚಪ್ಪಾಳೆ ಹಿಡಿಯಲೆಂದು ಹಿಂಬಾಗಿಲ ಪಕ್ಕ ಇನ್ನೊಂದು ಮೈಕು ಇಟ್ಟಿದ್ದನಂತೆ. ವೇದಿಕೆಯ ಟೇಪೇ ಸಾಕಾಗಿ ಇದನ್ನು ಕೇಳಿಯೇ ಇರಲಿಲ್ಲ. ಸಮಿತಿಯ ಕಾಟಕ್ಕೆ ಪೆಟ್ಟಿಗೆ ಕೆದಕಿದಾಗ ಸಿಕ್ಕಿತಂತೆ. ಹೆಡ್‌ಫೋನನ್ನು ತಾನೇ ನನ್ನ ಕಿವಿಗೆ ಹಾಕಿದ.

ದೂರದಲ್ಲಿ ಹಾಡು. ಹತ್ತಿರದಲ್ಲಿ, ಬಾಗಿಲಿನಾಚೆ, ಹತ್ತಿಯಲ್ಲಿ ಹೂತ ಕೆಮ್ಮು, ಒಂದರ ಹಿಂದೆ ಒಂದು, ಉಸಿರಿಗೂ ಬಿಡುವಿಲ್ಲದೆ. ಬಾಗಿಲು ಸ್ವಲ್ಪ ತೆರೆದ ಸದ್ದು. "ನೀರು... ನೀರು ಕೊಡೇ," ಎಂದಳು ಅತ್ತೆ. ಆಮೇಲೆ ಕಿವಿಯ ಪಕ್ಕದಲ್ಲೇ ನನ್ನ ದನಿ, ಹಲ್ಲು ಕಚ್ಚಿ: "ಶ್! ಇನ್ನೊಂದೇ ಹಾಡು ಅತ್ತೆ, ತಡ್ಕೋ." ಬಾಗಿಲು ಮುಚ್ಚಿತು.

ಆ ಮಾತು ನಾನಾಡಿದ್ದು ನನಗೆ ನೆನಪೇ ಇರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟೆ. ಬೈಯಲಿ, ಬೇಕಾದರೆ ಎರಡು ಬಾರಿಸಲಿ ಎಂದು ತಲೆ ತಗ್ಗಿಸಿ ಕಾದೆ.

"ಆಚೆ ಹೋಗು ಅಂದವನು ನಾನು," ಎಂದ ಮಾವ. "ಇದನ್ನೇ ಕೊಡ್ತೀನಿ ಸಮಿತಿಗೆ. ಅವಳದ್ದು ಒಂದೂ ತೆಗೆಯಲ್ಲ. ನಿನ್ನ ದನಿ ಬೇಕಾದ್ರೆ ತೆಗೀತೀನಿ, ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ."

"ಬೇಡ ಮಾವ, ಇರಲಿ," ಎಂದೆ.

ಅವನು ತಲೆಯಾಡಿಸಿ, ಅವಳು ನೀರು ಕೇಳಿದ ಜಾಗಕ್ಕೆ ಟೇಪನ್ನು ಹಿಂದಕ್ಕೆ ಸುತ್ತಿದ.