ಮ್ಯೂಲರ್ ಮನೆತನದ ಗುರಾಣಿ

ನ್ಯೂವೆಗೈನ್ ಎಂಬ ಡಚ್ ಊರಿನ ಸ್ಮಶಾನದಲ್ಲಿ ನಿಂತಿದ್ದೆ. ನನ್ನ ಗೆಳೆಯ ಇಮ್ರಾನನ ನೆರೆಮನೆಯ ಜರ್ಮನ್ ವೃದ್ಧರು, ಮ್ಯೂಲರ್, ತೀರಿಕೊಂಡಿದ್ದರು. ಗುಂಡಿಯ ಪಕ್ಕದ ಕಲ್ಲಿನ ಮೇಲೆ ಅವರ ಮನೆತನದ ಲಾಂಛನವಿತ್ತು, ಬಣ್ಣ ಬಳಿದ ಮರದ ಗುರಾಣಿ. ಮ್ಯೂಲರ್ ಅಂದರೆ ಗಿರಣಿಯವನು. ಅದಕ್ಕೇ ಅದರ ನಡುವೆ ಗಿರಣಿಯ ಚಕ್ರ. ಹೋದ ವಾರವಷ್ಟೇ ಅವರು ಅದರ ಧೂಳೊರೆಸಿ ನನ್ನ ಕೈಗೆ ಕೊಟ್ಟಿದ್ದರು.

“ಈಗ ಅದನ್ನ ಒಡೀತಾರೆ,” ಎಂದ ಇಮ್ರಾನ್ ಮೆಲ್ಲಗೆ. “ಹಳೇ ಪದ್ಧತಿ. ವಂಶದ ಕೊನೇ ಗಂಡಸು ಹೋದ್ರೆ ಗುರಾಣೀನೂ ಒಡೆದು ಜೊತೇಲೇ ಹೂಳೋದು. ಅವರೇ ಬರೆದಿಟ್ಟಿದ್ರು.”

“ಮಗಳಿದಾಳಲ್ಲೋ?”

“ಮಗಳು ಲೆಕ್ಕಕ್ಕಿಲ್ವಂತೆ.”

ನಮ್ಮೂರಿಂದ ಇಷ್ಟು ದೂರ ಬಂದು ಇಲ್ಲೂ ಅದೇ ಮಾತು ಕೇಳಬೇಕಾಯಿತಲ್ಲ ಅನಿಸಿತು. ಅಷ್ಟರಲ್ಲಿ ಸುತ್ತಿಗೆ ಬಿತ್ತು. ಒಂದೇ ಏಟಿಗೆ ಚಕ್ರ ಎರಡು ಹೋಳಾಯಿತು. ಏಟು ಹಾಕಿದವಳು ಆ ಮಗಳೇ.